ಕ್ಯಾಲೆಂಡರಿನ ಕಣ್ಣು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಟಚಪ್ ಅಕ್ಕ ಎಂದು. ಫೋಟೋ ಸ್ಟುಡಿಯೋದ ಮುಂದಿನ ಕೋಣೆಯಲ್ಲಿ ಅವಳ ಅಣ್ಣ ಕ್ಯಾಮೆರಾ ಹಿಡಿದು, "ಗದ್ದ ಸ್ವಲ್ಪ ಮೇಲೆ, ಹಾಂ, ಸಾಕು ಸಾಕು, ಆಕಾಶ ನೋಡ್ಬೇಡಿ" ಎಂದು ಜನರ ಕತ್ತು ತಿರುಗಿಸುತ್ತಿದ್ದರೆ, ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತ ಇವಳು ಅದೇ ಜನರ ಮೊಡವೆ ಅಳಿಸುತ್ತಿದ್ದಳು, ಕಣ್ಣಿನ ಕೆಳಗಿನ ಕಪ್ಪು ತೆಗೆಯುತ್ತಿದ್ದಳು, ಒಂದು ಮೇಲೆ ಒಂದು ಕೆಳಗೆ ಇರುವ ಹುಬ್ಬುಗಳನ್ನು ಒಂದೇ ಮಟ್ಟಕ್ಕೆ ತರುತ್ತಿದ್ದಳು. ದೇವರು ಅವಸರದಲ್ಲಿ ಬಿಟ್ಟುಹೋದ ಕೆಲಸ ಮುಗಿಸುವವಳು ನನ್ನ ತಂಗಿ ಎಂದು ಅಣ್ಣ ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ರಸ್ತೆಯಲ್ಲಿ ಯಾರಾದರೂ ಎದುರಾದರೆ ಅವಳಿಗೆ ಮೊದಲು ನೆನಪಾಗುತ್ತಿದ್ದುದು ಅವರ ಹೆಸರಲ್ಲ, ಮೂಗಿನ ಪಕ್ಕದ ನರಹುಲಿ. ಬೇಕರಿಯವನ ಎಡಗಿವಿ ಬಲಗಿವಿಗಿಂತ ದೊಡ್ಡದೆಂಬುದು ಅವನ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ, ಇವಳಿಗೆ ಗೊತ್ತಿತ್ತು.

ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದವಳು. ಸುಮ್ಮನೆ ಕೂತು ತಿನ್ನುವುದು ಬೇಡವೆಂದು ಬಂದ ವಾರದಲ್ಲೇ ಕಂಪ್ಯೂಟರಿನ ಮುಂದೆ ಕೂತಳು. ಹಾಗೆ ಕೂತವಳು ತಲೆ ನರೆಯುವವರೆಗೂ ಏಳಲಿಲ್ಲ. ಮನೆಯಲ್ಲೂ ಅವಳದು ಅದೇ ಕಸುಬು. ಅಣ್ಣ ಸಿಡುಕಿ ಆಡಿದ್ದನ್ನು ಅತ್ತಿಗೆಗೆ ತಲುಪಿಸುವಾಗ ಮುಳ್ಳು ತೆಗೆದು ಹೇಳುತ್ತಿದ್ದಳು, ಅತ್ತಿಗೆ ಮೂಗು ಮುರಿದು ಹೇಳಿದ್ದನ್ನು ಅಣ್ಣನಿಗೆ ನಗೆಚಾಟಿಕೆಯಾಗಿ ಮುಟ್ಟಿಸುತ್ತಿದ್ದಳು. ಇವಳಿರುವ ಮನೆಯಲ್ಲಿ ದೊಡ್ಡ ಜಗಳವೆನ್ನುವುದೇ ಆಗುತ್ತಿರಲಿಲ್ಲ. ಎಷ್ಟು ಒಳ್ಳೆಯ ಹೆಂಗಸು ಎಂದು ಎಲ್ಲರೂ ಹೊಗಳುತ್ತಿದ್ದರು. ಅದು ಒಳ್ಳೆಯತನವೋ, ಕೆಟ್ಟ ಸುದ್ದಿಯನ್ನು ಎದುರಿಗೆ ನಿಂತು ಹೇಳಲಾರದ ಪುಕ್ಕಲುತನವೋ, ಯಾರೂ ಕೆದಕಿ ನೋಡಿರಲಿಲ್ಲ.

ಆ ಸ್ಟುಡಿಯೋದಲ್ಲಿ ಅವಳ ಪಾಲಿಗೆ ತನ್ನದು ಎಂದು ಇದ್ದದ್ದು ಒಂದೇ, ಬೆಕ್ಕು. ಫೋಟೋ ಫ್ರೇಮುಗಳು ಬಂದಿದ್ದ ರಟ್ಟಿನ ಪೆಟ್ಟಿಗೆಯೊಳಗೆ ಒಂದು ಬೆಳಿಗ್ಗೆ ಕಣ್ಣು ಬಿಡದ ಮರಿಯಾಗಿ ಸಿಕ್ಕಿದ್ದು, ಈಗ ಕೌಂಟರಿನ ಮೇಲೆ ಕಾಲು ಮಡಚಿ ಕೂತು ಬಂದವರನ್ನೆಲ್ಲ ತಲೆಯಿಂದ ಕಾಲಿನವರೆಗೆ ಅಳೆಯುತ್ತಿತ್ತು. ಹಾಗಾಗಿ ಅದರ ಹೆಸರು ಮ್ಯಾನೇಜರ್. ಅಳುವ ಕೂಸುಗಳು ಫೋಟೋಕ್ಕೆ ಬಂದರೆ ಅಣ್ಣ ಅದನ್ನು ಎತ್ತಿ ಕ್ಯಾಮೆರಾದ ಪಕ್ಕದ ಸ್ಟೂಲಿನ ಮೇಲೆ ಕೂರಿಸುತ್ತಿದ್ದ. ಕೂಸು ಬಾಯಿ ತೆರೆದು ಅದರ ಹಸಿರು ಕಣ್ಣುಗಳನ್ನೇ ನೋಡುವ ಹೊತ್ತಿಗೆ ಇವನು ಕ್ಲಿಕ್ಕಿಸಿ ಮುಗಿಸಿರುತ್ತಿದ್ದ. ಕೆಲಸವಿಲ್ಲದಾಗ ಅದು ಒಳಗೆ ಬಂದು, ಬೆಚ್ಚಗಿರುವ ಕಂಪ್ಯೂಟರಿನ ಡಬ್ಬದ ಮೇಲೆ ಹತ್ತಿ, ಟಚಪ್ ಅಕ್ಕನ ಮೊಣಕೈಗೆ ಬೆನ್ನು ತಾಗಿಸಿ ಮಲಗುತ್ತಿತ್ತು. ಪ್ರತಿವರ್ಷದ ಕೊನೆಗೆ ಸ್ಟುಡಿಯೋದಿಂದ ಗಿರಾಕಿಗಳಿಗೆ ಒಂದು ಸಣ್ಣ ಕ್ಯಾಲೆಂಡರ್ ಕೊಡುತ್ತಿದ್ದರು. ಅದರ ಮೇಲೆ ಮ್ಯಾನೇಜರಿನದೇ ಫೋಟೋ, ನೇರವಾಗಿ ಲೆನ್ಸಿನೊಳಗೆ ನೋಡುವ ಎರಡು ಕಣ್ಣು. ಊರಿನ ಅರ್ಧ ಅಂಗಡಿಗಳ ಗೋಡೆಯ ಮೇಲೆ ಅದು ನೇತಾಡುತ್ತಿತ್ತು.

ಈ ವರ್ಷದ ಕ್ಯಾಲೆಂಡರ್ ಹಂಚಿ ಎರಡು ತಿಂಗಳಾಗಿತ್ತು. ಮ್ಯಾನೇಜರ್ ಮಂಕಾಯಿತು. ಸ್ಟೂಲಿಗೆ ಹಾರಲು ಹೋಗಿ ತಪ್ಪಿ ಬಿದ್ದಿತು. ಬಲಗಡೆ ಇಟ್ಟಿದ್ದ ಟ್ರೈಪಾಡಿನ ಕಾಲಿಗೆ ಹಣೆ ಬಡಿದುಕೊಂಡಿತು. ಸುತ್ತಿಟ್ಟ ಪರದೆಗಳ ಹಿಂದಿನ ಸಂದಿಯಲ್ಲಿ ಸೇರಿಕೊಂಡು, ಊಟಕ್ಕೆ ಕರೆದರೂ ಬರದಾಯಿತು.

"ವಯಸ್ಸಾಯ್ತು ಕಣೇ ಅದಕ್ಕೆ," ಅಂದ ಅಣ್ಣ. "ನನ್ನನ್ನೇ ನೋಡು, ಕೂತ್ರೆ ಏಳಕ್ಕಾಗಲ್ಲ."

"ನೀವು ಹುಟ್ಟಿದಾಗಿಂದ ಹಾಗೇ," ಎಂದಳು ಅತ್ತಿಗೆ.

ಟಚಪ್ ಅಕ್ಕ ನಗಲಿಲ್ಲ. ಸಂದಿಯಿಂದ ಬೆಕ್ಕನ್ನು ಹೊರಗೆಳೆದು ದೊಡ್ಡ ಲೈಟಿನ ಕೆಳಗೆ ಹಿಡಿದಳು. ಅಂಥ ಬೆಳಕಿಗೆ ಎಡಗಣ್ಣಿನ ಪಾಪೆ ಗೀರಿನಷ್ಟು ಸಣ್ಣದಾಯಿತು. ಬಲಗಣ್ಣಿನದು ಹಾಗೆಯೇ ಅಗಲವಾಗಿ, ಕಪ್ಪಾಗಿ ಉಳಿಯಿತು. ಅದರ ಮೇಲೆ ಬಾಯಿಂದ ಆವಿ ಊದಿದ ಗಾಜಿನ ಹಾಗೆ ತೆಳ್ಳನೆಯ ಮಬ್ಬು ಕವಿದಿತ್ತು. ಆ ಕಣ್ಣನ್ನು ಎಲ್ಲೋ ನೋಡಿದ್ದೇನೆ ಎಂದು ಒಳಗೊಂದು ಮಾತು ಎದ್ದಿತು. ಅದನ್ನು ಅಲ್ಲೇ ಅದುಮಿ, ಬುಟ್ಟಿ ತರಲು ಓಡಿದಳು.

ಪ್ರಾಣಿಗಳ ಡಾಕ್ಟರಮ್ಮನ ಕ್ಲಿನಿಕ್ಕು ಎರಡು ಬೀದಿ ಆಚೆ. ಫಿನಾಯಿಲ್ ವಾಸನೆಯ ಕೋಣೆ, ಸ್ಟೀಲಿನ ಮೇಜು, ಮೇಜಿನ ಹಿಂದೆ ಗೋಡೆಯ ಮೇಲೆ ಸ್ಟುಡಿಯೋದ ಕ್ಯಾಲೆಂಡರ್. ಡಾಕ್ಟರಮ್ಮ ಕಡಿಮೆ ಮಾತಿನವರು, ಕೈ ಮಾತ್ರ ಮೆತ್ತಗೆ. ಎಡಗಡೆಯಿಂದ ಅಂಗೈ ತಂದರೆ ಬೆಕ್ಕು ರೆಪ್ಪೆ ಬಡಿಯಿತು. ಬಲಗಡೆಯಿಂದ ಮೂಗಿನ ಹತ್ತಿರದವರೆಗೆ ತಂದರೂ ಬಡಿಯಲಿಲ್ಲ. ಟಾರ್ಚ್ ಬಿಟ್ಟು ನೋಡಿದರು. ಆಮೇಲೆ ಕಣ್ಣು ಮರಗಟ್ಟುವ ಹನಿ ಹಾಕಿ, ಪೆನ್ನಿನಂಥ ಒಂದು ಉಪಕರಣದ ತುದಿಯನ್ನು ಕಣ್ಣಿಗೆ ಹಗುರವಾಗಿ ತಾಗಿಸಿ ತಾಗಿಸಿ ತೆಗೆದರು.

"ಎಡಗಣ್ಣಲ್ಲಿ ಒತ್ತಡ ಹದಿನೆಂಟು. ಅಷ್ಟಿರಬೇಕಾದ್ದೇ," ಅಂದರು. "ಬಲಗಣ್ಣಲ್ಲಿ ಐವತ್ತರ ಹತ್ರ ಇದೆ. ಇದು ಗ್ಲಾಕೋಮಾ."

"ಅದು ಮನುಷ್ಯರಿಗೆ ಬರೋದಲ್ವಾ?" ಎಂದ ಜೊತೆಗೆ ಬಂದಿದ್ದ ಅಣ್ಣ.

"ಕಣ್ಣಿರೋ ಎಲ್ಲರಿಗೂ ಬರುತ್ತೆ. ಕಣ್ಣೊಳಗೆ ನೀರು ಹುಟ್ಟುತ್ತಾ ಇರುತ್ತೆ, ಬಸಿದು ಹೋಗ್ತಾ ಇರುತ್ತೆ. ಬಸಿಯೋ ದಾರಿ ಕಟ್ಟಿಕೊಂಡ್ರೆ ಒಳಗೇ ಒತ್ತಡ ಏರುತ್ತೆ, ಹಿಂದಿರೋ ನರ ಸಾಯುತ್ತೆ. ಬೆಕ್ಕಲ್ಲಿ ಸಾಮಾನ್ಯವಾಗಿ ಕಣ್ಣೊಳಗೆ ಉರಿಯೂತ ಆಗಿ, ಅದರಿಂದ ಬರುತ್ತೆ. ಇದಕ್ಕೂ ಉರಿಯೂತ ಇದೆ. ಯಾಕಾಯ್ತು ಅಂತ ರಕ್ತ ಪರೀಕ್ಷೆ ಮಾಡೋಣ."

"ನೋವಿರುತ್ತಾ?" ಟಚಪ್ ಅಕ್ಕ ಕೇಳಿದಳು.

"ಇರುತ್ತೆ. ತಲೆ ಸಿಡಿಯೋ ಅಂಥ ನೋವು. ಬೆಕ್ಕು ಅದನ್ನ ಹೇಳ್ಕೊಳಲ್ಲ. ಮೂಲೆ ಸೇರುತ್ತೆ, ಊಟ ಬಿಡುತ್ತೆ, ಅಷ್ಟೇ." ಡಾಕ್ಟರಮ್ಮ ಕೈ ಒರೆಸಿಕೊಂಡರು. "ಈಗ ಮುಖ್ಯವಾದ ಪ್ರಶ್ನೆ. ಯಾವಾಗಿಂದ ಹೀಗಿದೆ?"

ಅಣ್ಣ ತಂಗಿಯ ಕಡೆ ತಿರುಗಿದ, ತಂಗಿ ಬೆಕ್ಕಿನ ಕಡೆ.

"ಯಾಕೆ ಕೇಳ್ತಿದ್ದೀನಿ ಅಂದ್ರೆ, ಮಬ್ಬಿನಿಂದ ನನಗೆ ಹಿಂದಿನ ನರ ಕಾಣ್ತಿಲ್ಲ. ಹೊಸದಾಗಿ ಬಂದದ್ದಾದ್ರೆ ಔಷಧಿ ಹಾಕಿ ಹೋರಾಡಬಹುದು, ಸ್ವಲ್ಪ ದೃಷ್ಟಿ ಉಳಿದರೂ ಉಳೀತು. ಹಳೇದಾದ್ರೆ ಆ ಕಣ್ಣು ಸತ್ತಿದೆ, ನೋವು ಮಾತ್ರ ಜೀವಂತ ಇದೆ. ಆಗ ಕಣ್ಣನ್ನೇ ತೆಗೆದುಬಿಡೋದು ಬೆಕ್ಕಿಗೆ ಉಪಕಾರ. ಗುಡ್ಡೆ ಸ್ವಲ್ಪ ದೊಡ್ಡದಾದ ಹಾಗೂ ಕಾಣುತ್ತೆ, ಅದು ಹಳೇದರ ಗುರುತು. ಆದ್ರೆ ಖಚಿತವಾಗಿ ಹೇಳಲಾರೆ."

ಅಣ್ಣನ ಮುಖ ಅರಳಿತು. "ಅಯ್ಯೋ, ಸಾಕ್ಷಿ ನಿಮ್ಮ ಗೋಡೆ ಮೇಲೇ ಇದೆಯಲ್ಲ ಡಾಕ್ಟ್ರೇ!" ಎಂದು ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಅವರ ಮುಂದೆ ಹಿಡಿದ. "ಎರಡು ತಿಂಗಳ ಹಿಂದೆ ನಾನೇ ತೆಗೆದದ್ದು. ನೋಡಿ, ಎರಡೂ ಕಣ್ಣು ಅಳತೆ ಹಿಡಿದ ಹಾಗಿದೆ!"

ಡಾಕ್ಟರಮ್ಮ ಕ್ಯಾಲೆಂಡರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಎರಡು ಪಾಪೆ, ಎರಡೂ ಸಮ. ಅವರ ಹಣೆಯ ಗೆರೆ ಸಡಿಲವಾಯಿತು. "ಹಾಗಾದ್ರೆ ಈ ಕಣ್ಣನ್ನ ಕೈ ಬಿಡೋದು ಬೇಡ," ಅಂದರು. "ದಿನಕ್ಕೆ ಮೂರು ಸಲ ಈ ಹನಿ, ಜೊತೆಗೆ ಉರಿಯೂತಕ್ಕೆ ಇನ್ನೊಂದು. ಮನೇಲಿ ಯಾರಾದ್ರೂ ಮನುಷ್ಯರಿಗೆ ಕೊಟ್ಟ ಡ್ರಾಪ್ಸ್ ಇದ್ರೆ ಹಾಕ್ಬೇಡಿ, ಅವುಗಳಲ್ಲಿ ಕೆಲವು ಬೆಕ್ಕಿಗೆ ಏನೂ ಕೆಲಸ ಮಾಡಲ್ಲ. ನೋವಿಗೂ ಕೊಡ್ತೀನಿ, ಆದ್ರೆ ಒತ್ತಡ ಇಳಿಯೋವರೆಗೆ ಪೂರ್ತಿ ಹೋಗಲ್ಲ."

ಟಚಪ್ ಅಕ್ಕ ಏನೋ ಹೇಳಹೊರಟು, ಕ್ಯಾಲೆಂಡರನ್ನು ಮತ್ತೆ ಮೊಳೆಗೆ ಸಿಕ್ಕಿಸಿದಳು. ಬುಟ್ಟಿಯ ಮುಚ್ಚಳ ಹಾಕಿ, ಅಣ್ಣನ ಹಿಂದೆ ಹೊರಬಂದಳು.

ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಅಣ್ಣ ಊಟಕ್ಕೆ ಹೋದಾಗ ಅವಳು ಕಂಪ್ಯೂಟರಿನಲ್ಲಿ ಕ್ಯಾಲೆಂಡರಿನ ಅಸಲು ಫೋಟೋ ತೆಗೆದಳು. ನೋಡುವ ಮೊದಲೇ ಗೊತ್ತಿತ್ತು. ಬಲಗಣ್ಣಿನ ಪಾಪೆ ಎಡಗಣ್ಣಿನದರ ಎರಡರಷ್ಟು, ಅದರೊಳಗೆ ಫ್ಲ್ಯಾಶಿನ ಹಳದಿ ಮಿಂಚು. ಆಗ ಅವಳು ಏನು ಅಂದುಕೊಂಡಿದ್ದಳೆಂಬುದೂ ನೆನಪಾಯಿತು. ಲೈಟು ಒಂದು ಕಡೆಯಿಂದ ಜಾಸ್ತಿ ಬಿದ್ದಿದೆ, ಅಷ್ಟೇ. ಎಡಗಣ್ಣನ್ನು ಕತ್ತರಿಸಿ, ತಿರುಗಿಸಿ, ಬಲಗಣ್ಣಿನ ಮೇಲೆ ಕೂರಿಸಿದ್ದಳು. ಅಂಚು ನಯ ಮಾಡಿದ್ದಳು. ಎರಡನೆಯ ಸಲ ಯೋಚಿಸಿರಲಿಲ್ಲ. ಅಂಥದ್ದನ್ನು ಯೋಚಿಸಿ ಮಾಡುವ ಕಾಲ ಯಾವಾಗಲೋ ಮುಗಿದಿತ್ತು, ಕೈ ತಾನಾಗಿಯೇ ಮಾಡುತ್ತಿತ್ತು.

ಹೇಳಿಬಿಡಬೇಕು, ನಾಳೆಯೇ ಹೇಳಿಬಿಡಬೇಕು ಎಂದುಕೊಂಡಳು. ಆ ಫೋಟೋವನ್ನು ಮೊಬೈಲಿಗೂ ಹಾಕಿಕೊಂಡಳು. ಆದರೆ ಹೇಳಿದರೆ ಕಣ್ಣು ತೆಗೆಯುತ್ತಾರೆ. ಹನಿ ಹಾಕಿ ನೋಡೋಣ, ಒತ್ತಡ ಇಳಿದರೆ ಹೇಳುವ ಗೋಜೇ ಇರುವುದಿಲ್ಲ, ಯಾರಿಗೆ ಗೊತ್ತು. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜ ಹೇಳಬೇಕೆಂದರೆ, ಅಣ್ಣನ ಮುಂದೆ, ಡಾಕ್ಟರಮ್ಮನ ಮುಂದೆ ತಲೆ ತಗ್ಗಿಸಿ ನಿಲ್ಲುವುದು ಅವಳಿಗೆ ಬೇಕಿರಲಿಲ್ಲ. ಆ ಪುಕ್ಕಲುತನಕ್ಕೆ ಬೆಲೆ ತೆರುತ್ತಿದ್ದದ್ದು ಬೆಕ್ಕು.

ಅಣ್ಣ ಮ್ಯಾನೇಜರನ್ನು ಟವೆಲಿನಲ್ಲಿ ಸುತ್ತಿ ಹಿಡಿಯುತ್ತಿದ್ದ, ಅವಳು ರೆಪ್ಪೆ ಎಳೆದು ಹನಿ ಬಿಡುತ್ತಿದ್ದಳು. ಮೊದಮೊದಲು ಅದು ಕೊಸರಾಡಿತು, ಪರಚಿತು. ಅಣ್ಣನ ಕೈ ತುಂಬ ಗೀರುಗಳಾದವು. "ಮ್ಯಾನೇಜರಿಗೆ ಈ ಸಲ ಸಂಬಳ ಕಟ್," ಎಂದು ಅವನು ನಗಿಸಲು ನೋಡಿದ. ಆಮೇಲೆ ಅದು ಕೊಸರಾಡುವುದನ್ನೂ ನಿಲ್ಲಿಸಿತು. ಹನಿ ಹಾಕಿಸಿಕೊಂಡು ಹೋಗಿ ಗೋಡೆಗೆ ಹಣೆ ಒತ್ತಿ ಕೂರುತ್ತಿತ್ತು. ಒಂದು ದಿನ ಅವಳು ಎಂದಿನಂತೆ ಅದರ ಹಣೆ ನೇವರಿಸಲು ಹೋದಾಗ ಬುಸ್ ಎಂದಿತು. ಪೆಟ್ಟಿಗೆಯಲ್ಲಿ ಸಿಕ್ಕಿದಂದಿನಿಂದ ಅವಳ ಮೇಲೆ ಅದು ಹಾಗೆ ಮಾಡಿದ್ದೇ ಇಲ್ಲ. ಅವಳು ಕೈ ಹಿಂದೆಳೆದು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಊಟದ ಡಬ್ಬಿ ತಂದಿದ್ದ ಅತ್ತಿಗೆ ಇದನ್ನು ನೋಡಿದಳು. "ಅದಕ್ಕೆ ತಲೆನೋವು ಕಣೇ," ಅಂದಳು. "ನನಗೆ ಬಂದಾಗ ನಾನೂ ಹೀಗೇ ಗೋಡೆ ಕಡೆ ಮುಖ ಮಾಡಿ ಮಲ್ಕೊಳ್ತೀನಿ. ಯಾರಾದ್ರೂ ಮುಟ್ಟಿದ್ರೆ ಕಚ್ಚಿಬಿಡೋಣ ಅನ್ಸುತ್ತೆ. ನಿಮ್ಮಣ್ಣನಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ, ಮುನಿಸು ಅಂದ್ಕೊಳ್ತಾರೆ. ನೀನೂ 'ಅತ್ತಿಗೆಗೆ ಸುಸ್ತು, ಮಲಗಿದ್ದಾರೆ' ಅಂತ ತೇಲಿಸಿ ಹೇಳ್ತೀಯ. ಆಯ್ತು ಬಿಡು, ನೀನು ಒಳ್ಳೇದಕ್ಕೇ ಹೇಳೋದು."

ಅತ್ತಿಗೆ ಡಬ್ಬಿ ಇಟ್ಟು ಹೊರಟುಹೋದಳು. ಅವಳಿಗೆ ಅದು ಹೋಗುತ್ತ ಆಡಿದ ಮಾತು. ಟಚಪ್ ಅಕ್ಕ ಅಂದು ಡಬ್ಬಿ ತೆರೆಯಲಿಲ್ಲ.

ಮತ್ತೆ ಕ್ಲಿನಿಕ್ಕಿಗೆ ಹೋದಾಗ ಒತ್ತಡ ನಲವತ್ತಕ್ಕೆ ಇಳಿದಿತ್ತು. ಅದರ ಮುಂದಿನ ಸಲ ಪುನಃ ಏರಿ ಕೂತಿತ್ತು. ರಕ್ತ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಕ್ಕಿರಲಿಲ್ಲ. ಡಾಕ್ಟರಮ್ಮ ತುಟಿ ಕಚ್ಚಿ ನಿಂತರು. ಗೋಡೆಯ ಕ್ಯಾಲೆಂಡರಿನ ಕಡೆ ಒಮ್ಮೆ ನೋಡಿದರು.

"ಬೇರೆ ಬೆಕ್ಕಾಗಿದ್ರೆ ತೆಗೆದುಬಿಡೋಣ ಅಂತಿದ್ದೆ," ಅಂದರು. "ಆದ್ರೆ ಎರಡು ತಿಂಗಳ ಹಿಂದೆ ಇಷ್ಟು ಚೆನ್ನಾಗಿದ್ದ ಕಣ್ಣನ್ನ ಕೈ ಬಿಡೋಕೆ ಮನಸ್ಸು ಬರಲ್ಲ. ಇನ್ನೊಂದು ಔಷಧಿ ಸೇರಿಸಿ ಇನ್ನೂ ಸ್ವಲ್ಪ ದಿನ ನೋಡೋಣ."

"ನೋಡೋಣ ನೋಡೋಣ," ಎಂದ ಅಣ್ಣ.

ಮೇಜಿನ ಮೇಲೆ ಮ್ಯಾನೇಜರ್ ಬಲಗಣ್ಣು ಅರ್ಧ ಮುಚ್ಚಿ, ಮೂಗನ್ನು ಸ್ಟೀಲಿಗೆ ಒತ್ತಿ ಕೂತಿತ್ತು. ಟಚಪ್ ಅಕ್ಕ ಅದರ ಬೆನ್ನಿನ ಮೇಲೆ ಕೈಯಿಟ್ಟಳು. ಬೆನ್ನುಮೂಳೆ ಬೆರಳಿಗೆ ಸಿಗುತ್ತಿತ್ತು.

"ಆ ಕಣ್ಣು ಅದರದ್ದಲ್ಲ ಡಾಕ್ಟ್ರೇ," ಎಂದಳು. "ನಾನು ಹಾಕಿದ್ದು."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಅಣ್ಣನಿಗೆ ಆಯಿತು.

"ಫೋಟೋದಲ್ಲಿ ಎರಡು ಕಣ್ಣೂ ಒಂದೇ ಥರ ಇರ್ಲಿಲ್ಲ. ಲೈಟಿನ ತಪ್ಪು ಅಂದ್ಕೊಂಡು ಎಡಗಣ್ಣನ್ನೇ ಬಲಗಡೆ ಅಂಟಿಸಿದೆ. ಮೊದಲ ದಿನಾನೇ ಗೊತ್ತಾಯ್ತು ನನಗೆ. ಹೇಳಕ್ಕೆ ಆಗ್ಲಿಲ್ಲ." ಮೊಬೈಲು ತೆಗೆದು ಅಸಲು ಫೋಟೋ ಮುಂದಿಟ್ಟಳು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಕುರ್ಚಿ ಎಳೆದು ಕೂತು, ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. "ಹೋದ ವರ್ಷದ್ದು ಇದೆಯಾ? ಇದೇ ರೀತಿ, ಮುಟ್ಟದೆ ಇರೋದು?"

"ಹೋದ ವರ್ಷ ಸರಿಯಾಗೇ ಇತ್ತು."

"ನೋಡಿ ಹೇಳಿ."

ಸ್ಟುಡಿಯೋಗೆ ಬಂದು ಅಣ್ಣ ತಂಗಿ ಇಬ್ಬರೂ ಹಳೆಯ ಫೋಟೋ ತೆಗೆದರು. ಹೋದ ವರ್ಷದ ಕ್ಯಾಲೆಂಡರಿನಲ್ಲಿ ಕಣ್ಣುಗಳು ಸಮವಾಗಿದ್ದವು. ಅಸಲಿನಲ್ಲಿ ಇರಲಿಲ್ಲ. ಬಲಗಣ್ಣಿನ ಪಾಪೆ ಆಗಲೇ ಒಂದಿಷ್ಟು ಅಗಲವಾಗಿತ್ತು, ಹೇಳಿದರೆ ಮಾತ್ರ ಕಾಣುವಷ್ಟು. ಅಂದರೆ ಆಗಲೂ ಅವಳೇ ಸರಿಪಡಿಸಿದ್ದಳು. ಯಾವಾಗ, ಹೇಗೆ, ಒಂದು ಚೂರೂ ನೆನಪಿರಲಿಲ್ಲ. ತನ್ನ ಕೈಯನ್ನೇ ಯಾರದೋ ಕೈಯೆಂಬಂತೆ ನೋಡಿದಳು. ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಜೀವ ಅವಳ ಮೊಣಕೈಗೆ ಬೆನ್ನು ತಾಗಿಸಿ ಕೂತು ನೋವು ತಿಂದಿತ್ತು. ಅದೇ ಮೇಜಿನಲ್ಲಿ ಅವಳು ಊರಿನವರ ಮೊಡವೆ ಹುಡುಕುತ್ತಿದ್ದಳು.

ಅಣ್ಣ ಎರಡು ವರ್ಷದ ಫೋಟೋಗಳನ್ನೂ ಹತ್ತಿರ ಬಗ್ಗಿ ನೋಡಿದ. "ನಾನೂ ನೋಡ್ದೆ ಕಣೇ, ಲೆನ್ಸಲ್ಲಿ," ಎಂದ ಕೊನೆಗೆ. "ಫ್ಲ್ಯಾಶು ಅಂದ್ಕೊಂಡೆ. ಹೇಗೂ ನೀನು ಸರಿ ಮಾಡ್ತೀಯಲ್ಲ ಅಂತ ಬಿಟ್ಟೆ."

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಬಲಗಣ್ಣನ್ನು ತೆಗೆದರು.

ಸ್ಟುಡಿಯೋಗೆ ಮರಳಿದ ಮ್ಯಾನೇಜರಿನ ಕುತ್ತಿಗೆಗೆ, ಗಾಯ ಕೆರೆದುಕೊಳ್ಳದಿರಲೆಂದು ಕಟ್ಟಿದ ಅಗಲವಾದ ಪ್ಲಾಸ್ಟಿಕ್ಕಿನ ಪಟ್ಟಿ, ಕಣ್ಣಿದ್ದ ಕಡೆ ಬೋಳಿಸಿದ ಚರ್ಮ, ಅದರ ಮೇಲೆ ಹೊಲಿಗೆಯ ಸಾಲು. ಟಚಪ್ ಅಕ್ಕನಿಗೆ ಅದರ ಮುಖ ನೋಡುವುದೇ ಕಷ್ಟವಾಯಿತು. ಆದರೆ ಬೆಕ್ಕಿಗೆ ಅದರ ಗೊಡವೆ ಇರಲಿಲ್ಲ. ಕೆಲವೇ ದಿನಗಳಲ್ಲಿ ತಟ್ಟೆ ನೆಕ್ಕಿ ಇನ್ನಷ್ಟು ಕೇಳಿತು. ಪರದೆಗಳ ಸಂದಿ ಬಿಟ್ಟು ಹೊರಬಂದಿತು. ಹೊಲಿಗೆ ಬಿಚ್ಚಿದ ವಾರ ಕಂಪ್ಯೂಟರಿನ ಡಬ್ಬದ ಮೇಲೆ ಹಾರಲು ನೋಡಿ, ದೂರ ತಿಳಿಯದೆ ಜಾರಿ ಬಿದ್ದು, ಯಾರೂ ನೋಡಿಲ್ಲವೆಂಬ ಠೀವಿಯಲ್ಲಿ ಪಂಜ ನೆಕ್ಕಿ, ಮತ್ತೆ ಹಾರಿ ಹತ್ತಿ ಕೂತಿತು. ತಾನೇ ಹಣೆಯನ್ನು ಅವಳ ಅಂಗೈಗೆ ತಂದು ತಿಕ್ಕಿತು. ಅವಳಿಗೆ ಅಳು ತಡೆಯಲಾಗಲಿಲ್ಲ. ಇಷ್ಟು ಬೇಗ ಗೆಲುವಾಯಿತೆಂದರೆ ಅದುವರೆಗೆ ಎಷ್ಟು ನೋವಿತ್ತು ಎಂಬ ಲೆಕ್ಕ ಅವಳನ್ನು ಹಿಂಡುತ್ತಿತ್ತು.

ನೆಮ್ಮದಿ ಎನ್ನುವುದು ಆಮೇಲೂ ಬರಲಿಲ್ಲ. ಉಳಿದ ಕಣ್ಣಿಗೂ ಇದೇ ಗತಿ ಬರಬಹುದು, ಅದರೊಳಗೂ ಉರಿಯೂತ ಶುರುವಾದರೆ ಒತ್ತಡ ಏರುತ್ತದೆ, ಆದಷ್ಟು ಬೇಗ ಹಿಡಿದರೆ ಮಾತ್ರ ಉಳಿಸಲು ಸಾಧ್ಯ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು. ದಿನವೂ ಒಂದು ಹನಿ, ಆಗಾಗ ಅಳತೆ. ಟಚಪ್ ಅಕ್ಕ ತನ್ನದೊಂದು ಕ್ರಮವನ್ನೂ ಸೇರಿಸಿದಳು. ಪ್ರತಿ ಸೋಮವಾರ ಅಂಗಡಿ ತೆರೆದ ಕೂಡಲೆ, ಅದೇ ಸ್ಟೂಲು, ಅದೇ ಲೈಟು, ಅಷ್ಟೇ ದೂರ. ಮ್ಯಾನೇಜರಿನ ಒಂದು ಫೋಟೋ. ತೆಗೆದದ್ದನ್ನು ಹಾಗೆಯೇ ಪ್ರಿಂಟ್ ಹಾಕಿ ಮೇಜಿನ ಎದುರು ಗೋಡೆಗೆ ಅಂಟಿಸುತ್ತಿದ್ದಳು. ಗಿರಾಕಿಗಳ ಕೆಲಸ ನಿಧಾನವಾಯಿತು. ಪ್ರತಿ ಮುಖದ ಮುಂದೆಯೂ ಅವಳ ಕೈ ತಡೆಯುತ್ತಿತ್ತು. ಬೇಕರಿಯವನು ತನ್ನ ಫೋಟೋ ಹಿಡಿದು ಬಂದು, "ಅಕ್ಕಾ, ನನ್ನ ಕಿವಿ ಯಾವಾಗ ಇಷ್ಟು ದೊಡ್ಡದಾಯ್ತು?" ಎಂದು ಗಾಬರಿಯಾದ. "ಮೊದಲಿಂದಾನೂ," ಎಂದಳು.

ಹೊಸ ಕ್ಯಾಲೆಂಡರಿನ ಕಾಲ ಬಂದಾಗ ಅಣ್ಣ ತಲೆ ಕೆರೆದುಕೊಂಡ. "ಇನ್ನೊಂದು ಕಣ್ಣು ಹಾಕ್ಬಿಡ್ತೀಯಾ? ಜನಕ್ಕೆ ನೋಡಿದ್ರೆ ಬೇಜಾರಾಗುತ್ತೆ ಕಣೇ."

"ಬೇಜಾರಾದ್ರೆ ಆಗ್ಲಿ ಅಣ್ಣಾ," ಎಂದಳು. ಅವನು ಮತ್ತೆ ಕೇಳಲಿಲ್ಲ.

ಅದಾಗಿ ಎಷ್ಟೋ ದಿನಗಳ ಮೇಲೆ ಒಂದು ಸೋಮವಾರ, ಪ್ರಿಂಟು ಕೈಗೆ ತೆಗೆದುಕೊಂಡವಳು ನಿಂತಳು. ಗೋಡೆಯ ಮೇಲಿನದರ ಪಕ್ಕ ಹಿಡಿದಳು. ಪಾಪೆಯ ಗೀರು ಕೂದಲೆಳೆಯಷ್ಟು ಅಗಲವಾಗಿತ್ತೋ ಇಲ್ಲವೋ.

"ಎಲ್ಲಿ?" ಎಂದ ಅಣ್ಣ ಕನ್ನಡಕ ಏರಿಸಿ. "ನನಗೇನೂ ಕಾಣಲ್ಲ. ಲೈಟು ಒಂಚೂರು ಕಡಿಮೆ ಬಿದ್ದಿರುತ್ತೆ ಬಿಡೇ. ಸಂಜೆ ಹೋದ್ರಾಯ್ತು, ಈಗ ಗಿರಾಕಿ ಕಾಯ್ತಿದ್ದಾರೆ."

ಅವಳು ಆಗಲೇ ಬುಟ್ಟಿ ತೆಗೆದಿದ್ದಳು. ಮುಂದಿನ ಕೋಣೆಯಲ್ಲಿ ಕಾಯುತ್ತಿದ್ದವರಿಗೆ ಒಂದು ಮಾತೂ ಹೇಳದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಬೀದಿ ನಡೆದಳು. ಬುಟ್ಟಿಯೊಳಗೆ ಮ್ಯಾನೇಜರ್ ದಾರಿಯುದ್ದಕ್ಕೂ ಗೊಣಗುತ್ತಿತ್ತು.

ಡಾಕ್ಟರಮ್ಮ ಹನಿ ಹಾಕಿ, ಪೆನ್ನಿನಂಥ ಉಪಕರಣ ತಾಗಿಸಿದರು. ಒಮ್ಮೆ. ಇನ್ನೊಮ್ಮೆ. "ಇಪ್ಪತ್ತೆಂಟು," ಅಂದರು. "ಏರೋಕೆ ಶುರುವಾಗಿದೆ. ಯಾವಾಗಿಂದ ಹೀಗಿದೆ?"

"ಇವತ್ತಿಂದ," ಎಂದಳು ಟಚಪ್ ಅಕ್ಕ. "ಹೋದ ಸೋಮವಾರ ಇರ್ಲಿಲ್ಲ." ಬುಟ್ಟಿಯ ಪಕ್ಕದಿಂದ ಎರಡು ಫೋಟೋ ತೆಗೆದು ಸ್ಟೀಲಿನ ಮೇಜಿನ ಮೇಲೆ ಜೋಡಿಸಿಟ್ಟಳು. "ನೋಡಿ. ಎರಡನ್ನೂ ನಾನು ಮುಟ್ಟಿಲ್ಲ."